ಮೂರು ಮನೆಗೊಬ್ಬ ಕಾವಲುಗಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯ ಕಂಪ್ಯೂಟರಿನೊಳಗೆ ಕೂತಿರುವ ಆ್ಯಂಟಿವೈರಸ್ಸು ಏನು ಕೆಲಸ ಮಾಡುತ್ತದೆ ಎಂಬುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಪರದೆಯ ಕೆಳಗೆ, ಬಲಮೂಲೆಯಲ್ಲಿ, ಉಗುರಿನಷ್ಟಗಲದ ಒಂದು ಗುರಾಣಿ ಇದೆ. ಅದರೊಳಗೊಂದು ಹಸಿರು ಸರಿ ಗುರುತು. ಪ್ರತಿ ಭಾನುವಾರ ಬೆಳಿಗ್ಗೆ ಅದು ನನಗೊಂದು ಮೇಲ್ ಕಳಿಸುತ್ತದೆ: ಈ ವಾರವೂ ಎಲ್ಲ ಕ್ಷೇಮ. ನಾನು ಕಾಫಿ ಕುಡಿಯುತ್ತಾ ಅದನ್ನು ಓದುತ್ತೇನೆ, ವಾರವಿಡೀ ನಾನೇ ನಿದ್ದೆಗೆಟ್ಟು ಕಾದವನ ಹಾಗೆ ಸಮಾಧಾನದ ಉಸಿರು ಬಿಡುತ್ತೇನೆ, ದೋಸೆ ತಿನ್ನಲು ಏಳುತ್ತೇನೆ.

ಗೊತ್ತಿಲ್ಲದ ವಿಷಯದಲ್ಲಿ ಪಂಡಿತ ಎನಿಸಿಕೊಳ್ಳುವ ಯೋಗ ಎಲ್ಲರಿಗೂ ಇರುವುದಿಲ್ಲ, ನನಗಿದೆ. ಬೆಂಗಳೂರಿನವನು, ಟೊರಾಂಟೊದಲ್ಲಿದ್ದಾನೆ, ದಪ್ಪ ಕನ್ನಡಕ ಬೇರೆ ಹಾಕಿದ್ದಾನೆ ಎಂದಮೇಲೆ ಇವನು ಸಾಫ್ಟ್‌ವೇರಿನವನೇ ಸೈ ಎಂದು ಇಲ್ಲಿನ ನಮ್ಮ ಕನ್ನಡದ ಬಳಗ ಎಂದೋ ತೀರ್ಮಾನಿಸಿಬಿಟ್ಟಿದೆ. ನಿಜವಾಗಿ ನಾನು ಹಳೆಯ ಪಾರ್ಕಿಂಗ್ ಕಟ್ಟಡಗಳ ಕಾಂಕ್ರೀಟಿನಲ್ಲಿ ಬಿರುಕು ಹುಡುಕುವ ಎಂಜಿನಿಯರು. ಚಳಿಗಾಲದಲ್ಲಿ ಕಾರುಗಳು ರಸ್ತೆಯ ಉಪ್ಪನ್ನೆಲ್ಲ ಹೊತ್ತು ತಂದು ಅಲ್ಲಿ ಸುರಿಸುತ್ತವೆ, ಆ ಉಪ್ಪು ಇಳಿದು ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ಮೇಲಿನಿಂದ ನೋಡಿದರೆ ನೆಲ ಗಟ್ಟಿಮುಟ್ಟಾಗಿಯೇ ಇರುತ್ತದೆ. ಮಂಡಿಯೂರಿ ಕೂತು, ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟರೆ ಮಾತ್ರ ಟೊಳ್ಳು ಕೇಳಿಸುತ್ತದೆ. ಹೀಗೆ ತಟ್ಟಿ ತಟ್ಟಿಯೇ ನನ್ನ ಸಂಸಾರ ನಡೆದಿದೆ, ಎಡಮಂಡಿ ಸವೆದಿದೆ. ಆದರೂ ಯಾರ ಮನೆಯಲ್ಲಿ ಪ್ರಿಂಟರು ಕೈಕೊಟ್ಟರೂ ಫೋನು ಬರುವುದು ನನಗೇ. ಮೊದಮೊದಲು 'ನನಗೆ ಗೊತ್ತಿಲ್ಲ' ಎನ್ನುತ್ತಿದ್ದೆ. ಅದನ್ನು ವಿನಯ ಎಂದುಕೊಂಡರು. ಆಮೇಲೆ ನಾನೂ ಸುಮ್ಮನಾದೆ. ತಾನಾಗಿ ಬಂದ ಗೌರವಕ್ಕೆ ಬಾಗಿಲು ಹಾಕುವಷ್ಟು ವೈರಾಗ್ಯ ನನಗಿನ್ನೂ ಬಂದಿಲ್ಲ.

ಆ್ಯಂಟಿವೈರಸ್ ಆರಿಸುವ ಕೆಲಸ ನನ್ನ ತಲೆಗೆ ಬಂದದ್ದು ಹೀಗೆ. ಹೊಸ ಕಂಪ್ಯೂಟರಿನ ಜೊತೆ ಪುಕ್ಕಟೆ ಬಂದಿದ್ದ ಒಬ್ಬ ಕಾವಲುಗಾರ ಎರಡು ತಿಂಗಳು ಸುಮ್ಮನಿದ್ದು, ಮೂರನೆಯ ತಿಂಗಳು ಹೆದರಿಸಲು ಶುರುಮಾಡಿದ. ನಿಮ್ಮ ಮನೆಗೆ ರಕ್ಷಣೆಯಿಲ್ಲ, ಇವತ್ತೇ ಕೊನೆ, ಇವತ್ತೇ ಕೊನೆ ಎಂದು ದಿನಕ್ಕೆ ನಾಲ್ಕು ಸಲ. ಕಳ್ಳ ಬರುವುದಕ್ಕಿಂತ ಮುಂಚೆ ಕಾವಲುಗಾರನ ಕಾಟವೇ ಹೆಚ್ಚಾಯಿತು. ಮಗ ಆದಿತ್ಯ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಅಪ್ಪಾ, ಇಟ್ಸ್ ಆಲ್ರೆಡಿ ಬಿಲ್ಟ್ ಇನ್. ಯು ಡೋಂಟ್ ನೀಡ್ ಟು ಬೈ ಎನಿಥಿಂಗ್," ಎಂದು ಹೇಳಿ ಫ್ರಿಜ್ಜಿನ ಕಡೆ ಹೋದ. ಕಂಪ್ಯೂಟರಿನೊಳಗೆ ಹುಟ್ಟಿನಿಂದಲೇ ಒಂದು ರಕ್ಷಣೆ ಇರುತ್ತದೆ, ಅದು ಸಾಕು ಎಂಬುದು ಅವನ ವಾದ. ಇದ್ದರೂ ಇರಬಹುದು. ಆದರೆ ಹಿತ್ತಲ ಗಿಡ ಮದ್ದಲ್ಲ ಎಂದು ನಂಬಿಕೊಂಡು ಬಂದ ವಂಶ ನಮ್ಮದು. ಕೇಳದೆಯೇ ಸಿಕ್ಕ ರಕ್ಷಣೆಯ ಮೇಲೆ ನಮಗೆ ಭರವಸೆ ಹುಟ್ಟುವುದಿಲ್ಲ. ಅಂಗಡಿಗೆ ಹೋಗಬೇಕು, ಹತ್ತು ನೋಡಬೇಕು, ಒಂದನ್ನು ಆರಿಸಿ ತರಬೇಕು. ಆಗಲೇ ಅದು ಕೆಲಸ ಮಾಡುತ್ತದೆ.

ನೋಡಿದೆ. ಹತ್ತಕ್ಕೆ ಹತ್ತರ ಪೊಟ್ಟಣದ ಮೇಲೂ ಗುರಾಣಿಯ ಚಿತ್ರ. ಹಳದಿ ಗುರಾಣಿ, ಕೆಂಪು ಗುರಾಣಿ, ನೀಲಿ ಗುರಾಣಿ. ಒಬ್ಬನ ಕೈಯಲ್ಲಾದರೂ ಒಂದು ದೊಣ್ಣೆ ಬೇಡವೇ? ಮನೆಗೆ ಬಂದು ಮೂರು ಶನಿವಾರ ಕೂತು ಬಲ್ಲವರ ವಿಮರ್ಶೆಗಳನ್ನು ಓದಿದೆ. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳಿದ್ದರು. ಒಬ್ಬರು ಇದು ಕಂಪ್ಯೂಟರನ್ನು ನಿಧಾನ ಮಾಡುತ್ತದೆ ಎಂದರು, ಇನ್ನೊಬ್ಬರು ನಿಧಾನವಾದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ ಎಂದರು. ಮೂರನೆಯ ಶನಿವಾರ ಸಂಜೆ ನನ್ನ ಹೆಂಡತಿ ಸುಧಾ, "ನಮ್ಮ ಮದುವೆಗೆ ಜಾತಕ ನೋಡಿದಾಗಲೂ ಇಷ್ಟು ದಿನ ತಗೊಂಡಿರಲಿಲ್ಲ ರೀ," ಎಂದಳು. ಆಗಲೂ ಇಷ್ಟು ನೋಡಬೇಕಾಗಿತ್ತು ಎಂಬ ಮಾತು ನಾಲಗೆಯ ತುದಿಗೆ ಬಂತು. ರಕ್ಷಣೆ ಎಂದರೆ ಏನು ಎಂಬುದು ನನಗೆ ಅಷ್ಟರಮಟ್ಟಿಗೆ ಗೊತ್ತಿರುವುದರಿಂದ ನುಂಗಿಕೊಂಡೆ.

ಈ ಆರಿಸುವ ಕಷ್ಟಕ್ಕೆ ಒಂದು ಕಾರಣವಿದೆ. ಬೇರೆ ಪದಾರ್ಥಗಳು ಕೆಲಸ ಮಾಡಿದರೆ ಏನಾದರೂ ಆಗುತ್ತದೆ. ಮಿಕ್ಸಿ ತಿರುಗಿದರೆ ಚಟ್ನಿಯಾಗುತ್ತದೆ. ಆ್ಯಂಟಿವೈರಸ್ಸು ಕೆಲಸ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದೆ ಇದ್ದದ್ದು ಅದರಿಂದಲೋ, ಆಗುವಂಥದ್ದೇನೂ ಇರಲೇ ಇಲ್ಲವೋ, ಹೇಳುವವರು ಯಾರು? ಆದಿತ್ಯ ಹುಟ್ಟಿದಾಗ ನಮ್ಮಮ್ಮ ಆರು ತಿಂಗಳು ಇಲ್ಲೇ ಇದ್ದು, ದಿನಾ ಸ್ನಾನ ಮಾಡಿಸಿ ಕೆನ್ನೆಗೊಂದು ದೃಷ್ಟಿಬೊಟ್ಟು ಇಡುತ್ತಿದ್ದಳು. ಇದರಿಂದ ಏನಾಗುತ್ತದಮ್ಮಾ ಎಂದು ನಾನು ಆಗಿನ ಎಂಜಿನಿಯರ್ ಜಂಬದಲ್ಲಿ ಕೇಳಿದ್ದೆ. "ಏನಾಗತ್ತೆ? ಏನೂ ಆಗಲ್ಲ. ಅದಕ್ಕೇ ಇಡೋದು," ಎಂದಿದ್ದಳು. ಮೂರು ಶನಿವಾರ ನಾನು ಓದಿದ ವಿಮರ್ಶೆಗಳಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯ ಒಂದೂ ಇರಲಿಲ್ಲ.

ಕೊನೆಗೆ ತೀರ್ಮಾನ ಮಾಡಿದ್ದು ನಾನಲ್ಲ, ಅಕ್ಕಿ. ನಾವು ಅಕ್ಕಿ, ಬೇಳೆ, ಎಣ್ಣೆ ತರುವ ದೊಡ್ಡ ಸಗಟು ಅಂಗಡಿಯೊಂದಿದೆ. ಅಲ್ಲಿ ಯಾವುದೂ ಒಂದೊಂದಾಗಿ ಸಿಗುವುದಿಲ್ಲ. ಆ ಮಾರ್ಚಿನಲ್ಲಿ ಒಂದು ಮೂಲೆಯಲ್ಲಿ ಆ್ಯಂಟಿವೈರಸ್ಸೂ ಇತ್ತು: ಒಂದು ವರ್ಷಕ್ಕೆ, ಹತ್ತು ಯಂತ್ರಗಳಿಗೆ. ನಮ್ಮ ಮನೆಯಲ್ಲಿ ಇರುವುದು ಫೋನು ಕಂಪ್ಯೂಟರು ಎಲ್ಲ ಸೇರಿ ಐದು. ಇನ್ನೈದು ರಕ್ಷಣೆ ವ್ಯರ್ಥ. ನಮ್ಮಂಥವರಿಗೆ ಅನ್ನ ಚೆಲ್ಲುವುದೂ ಒಂದೇ, ಇದೂ ಒಂದೇ. ನಾವು ಮೂರು ಮನೆಯವರು ಎಷ್ಟೋ ವರ್ಷದಿಂದ ಹೀಗೆ ದೊಡ್ಡ ಮೂಟೆ ತಂದು ಹಂಚಿಕೊಳ್ಳುತ್ತೇವೆ: ರೆಕ್ಸ್‌ಡೇಲಿನ ನಾವು, ಬ್ರ್ಯಾಂಪ್ಟನ್ನಿನ ಈರಣ್ಣ, ನ್ಯೂಮಾರ್ಕೆಟ್ಟಿನಲ್ಲಿರುವ ಸುಧಾಳ ದೊಡ್ಡಮ್ಮನ ಮಗಳು ವಸಂತಕ್ಕ. ಅಕ್ಕಿಯ ಮೂಟೆ ಬಿಚ್ಚಿದಂತೆ ಇದನ್ನೂ ಬಿಚ್ಚಿದೆವು. ನಮಗೆ ಐದು, ಈರಣ್ಣನಿಗೆ ಎರಡು, ವಸಂತಕ್ಕನಿಗೆ ಎರಡು, ಒಂದು ಡಬ್ಬದ ತಳಕ್ಕೆ.

ಈರಣ್ಣನ ಬಗ್ಗೆ ಹೇಳಬೇಕು. ಹುಬ್ಬಳ್ಳಿಯವರು, ನನಗಿಂತ ಆರೇಳು ವರ್ಷ ಚಿಕ್ಕವರು. ಬ್ರ್ಯಾಂಪ್ಟನ್ನಿನ ಒಂದು ದೊಡ್ಡ ಗೋದಾಮಿನಲ್ಲಿ ಹಗಲು ಶಿಫ್ಟಿನ ಸೂಪರ್‌ವೈಸರ್ ಆಗಿದ್ದರು. ನನ್ನನ್ನು 'ಸರ' ಎನ್ನುತ್ತಾರೆ; ಬಿಡಿ ಎಂದರೂ ಬಿಟ್ಟಿಲ್ಲ. ನಮ್ಮ ಬೇಸ್‌ಮೆಂಟಿಗೆ ನೀರು ನುಗ್ಗಿದಾಗ ಮೊದಲು ಬಂದು ಪ್ಯಾಂಟು ಮಡಿಸಿ ನೀರಿಗಿಳಿದವರು ಅವರು. ಅವರ ಹೆಂಡತಿ ಮಹಾದೇವಿ ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅವರ ಲ್ಯಾಪ್‌ಟಾಪಿಗೆ ಆ್ಯಂಟಿವೈರಸ್ ಹಾಕಲು ನಾನು ಹೋದ ಭಾನುವಾರ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟ. ಊಟವಾದ ಮೇಲೆ ನಾನು ಪಂಡಿತನ ಗತ್ತಿನಲ್ಲಿ ಕೂತು ಗುಂಡಿಗಳನ್ನು ಒತ್ತುತ್ತಾ ಹೋದೆ. ಒಂದು ಕಡೆ ಯಂತ್ರಕ್ಕೊಂದು ಹೆಸರು ಕೇಳಿತು. 'ಈರಣ್ಣ ಲ್ಯಾಪ್‌ಟಾಪ್' ಎಂದು ಬರೆದೆ. ಎಚ್ಚರಿಕೆಗಳನ್ನು ಯಾರಿಗೆ ಕಳಿಸಲಿ ಎಂದು ಕೇಳಿತು. ಖಾತೆ ನನ್ನ ಹೆಸರಿನಲ್ಲಿತ್ತು, ನನ್ನ ಮೇಲ್ ವಿಳಾಸವೇ ಅಲ್ಲಿ ಆಗಲೇ ಕೂತಿತ್ತು. ಸರಿ ಎಂದು ಒತ್ತಿದೆ.

ನಾವು ಎಡವಿದ್ದು ಅಲ್ಲಿ. ಅಕ್ಕಿ ಹಂಚಿಕೊಂಡರೆ, ಬ್ರ್ಯಾಂಪ್ಟನ್ನಿನಲ್ಲಿ ಇವತ್ತು ಅನ್ನ ಸೀದಿತು ಎಂದು ನಿಮ್ಮ ಮನೆಯ ಮೂಟೆ ನಿಮಗೆ ವರದಿ ಕೊಡುವುದಿಲ್ಲ. ಇದು ಕೊಡುತ್ತದೆ. ರಕ್ಷಣೆಯನ್ನು ಅಕ್ಕಿಯ ಹಾಗೆ ಸೇರಿನಲ್ಲಿ ಅಳೆದು ಕೊಡಬಹುದು ಎಂದುಕೊಂಡ ಜನ ನಾವೇ ಇರಬೇಕು. ಇಲ್ಲಿನವರಾರೂ ಪಕ್ಕದ ಮನೆಯವರ ಹಲ್ಲುಜ್ಜುವ ಬ್ರಷ್ಷನ್ನೂ, ಪಾಸ್‌ವರ್ಡನ್ನೂ ಮುಟ್ಟುವುದಿಲ್ಲ.

ಮೊದಮೊದಲು ಅದೊಂದು ತಮಾಷೆಯಾಗಿತ್ತು. ವಸಂತಕ್ಕ ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು. ಪುಕ್ಕಟೆ ಪಂಚಾಂಗ, ಪುಕ್ಕಟೆ ವರ್ಷಫಲ, ಪುಕ್ಕಟೆ ಹಳೆಯ ಸಿನಿಮಾ ಹಾಡು, ಹೀಗೆ ಪುಕ್ಕಟೆ ಎಂದು ಬರೆದ ಎಲ್ಲ ಬಾಗಿಲುಗಳನ್ನೂ ತಟ್ಟುವ ಸ್ವಭಾವ. ವಾರಕ್ಕೆರಡು ಸಲ ನನಗೆ ಮೇಲ್ ಬರುತ್ತಿತ್ತು: ವಸಂತಕ್ಕ ಐಪ್ಯಾಡ್, ಅಪಾಯಕಾರಿ ಪುಟವನ್ನು ತಡೆಯಲಾಗಿದೆ. ಅವರ ರಾಶಿಗೆ ಶನಿಕಾಟ ಇದೆ ಎಂಬುದು ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ನಾನು ಸುಧಾಗೆ ಓದಿ ಹೇಳುತ್ತಿದ್ದೆ, ಇಬ್ಬರೂ ನಗುತ್ತಿದ್ದೆವು. ಒಮ್ಮೊಮ್ಮೆ ಕಾವಲುಗಾರನೂ ಅತಿ ಮಾಡುತ್ತಿದ್ದ. ಸುಧಾ ಕನ್ನಡ ಕಲಿಯುವ ಮಕ್ಕಳಿಗೆಂದು ಮಾಡಿದ ಕಾಗುಣಿತದ ಹಾಳೆಯನ್ನೇ ಅನುಮಾನಾಸ್ಪದ ಎಂದು ಹಿಡಿದು ಕೂಡಿಹಾಕಿದ. ವೈಕುಂಠದ ಬಾಗಿಲಲ್ಲಿ ಜಯವಿಜಯರು ಮಾಡಿದ್ದೂ ಇದೇ ತಪ್ಪು. ಬಂದವರು ಮಹರ್ಷಿಗಳು, ನೋಡಲು ಮಾತ್ರ ಐದು ವರ್ಷದ ಬೆತ್ತಲೆ ಮಕ್ಕಳು. ಇವರು ತಡೆದರು. ಶಾಪ ಸಿಕ್ಕಿ ಮೂರು ಜನ್ಮ ರಾಕ್ಷಸರಾಗಿ ಹುಟ್ಟಿದರು. ಬಾಗಿಲು ಕಾಯುವವನಿಗೆ ಎಂದೂ ಹೊಗಳಿಕೆಯಿಲ್ಲ: ಬಿಟ್ಟರೆ ಯಾಕೆ ಬಿಟ್ಟೆ, ತಡೆದರೆ ಯಾಕೆ ತಡೆದೆ. ಅವರ ಕಥೆ ಕೇಳಿದಾಗೆಲ್ಲ ನನಗೆ ಮುನಿಗಳಿಗಿಂತ ಅವರ ಮೇಲೆಯೇ ಕನಿಕರ.

ಆ ಸೆಪ್ಟೆಂಬರಿನಲ್ಲಿ ಈರಣ್ಣನ ಲ್ಯಾಪ್‌ಟಾಪಿನಿಂದ ಮೊದಲ ಎಚ್ಚರಿಕೆ ಬಂತು. ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ. ತಡೆದ ಪುಟದ ಹೆಸರಿನಲ್ಲಿ 'ಇವತ್ತೇ ಕೆಲಸ' ಎಂಬಂಥ ಮಾತಿತ್ತು. ಹನ್ನೊಂದು ಗಂಟೆಗೆ ಈರಣ್ಣ ಗೋದಾಮಿನಲ್ಲಿರಬೇಕು, ಮಹಾದೇವಿ ಡೇಕೇರಿನಲ್ಲಿ. ಮಕ್ಕಳಿಬ್ಬರೂ ಶಾಲೆಯಲ್ಲಿ. ಲ್ಯಾಪ್‌ಟಾಪನ್ನು ತೆರೆದವರು ಯಾರು? ಗುರುವಾರ ಇನ್ನೊಂದು ಬಂತು: ಮನೆಯಿಂದಲೇ ದುಡಿಯಿರಿ. ಮರುವಾರ ಮೂರು. ನಾನು ನಗಲಿಲ್ಲ, ಸುಧಾಗೆ ಓದಿ ಹೇಳಲೂ ಇಲ್ಲ. ನಾಲ್ಕನೆಯ ವಾರದ ಹೊತ್ತಿಗೆ, ಯಾರೂ ಹೇಳದೆ, ನನಗೆ ಗೊತ್ತಾಗಿತ್ತು. ಈರಣ್ಣನಿಗೆ ಕೆಲಸ ಹೋಗಿದೆ. ಕೆಲಸ ಹುಡುಕುತ್ತಿದ್ದಾರೆ. ಹುಡುಕುವವರ ದಾರಿಯಲ್ಲಿ ಕಳ್ಳರು ಅಂಗಡಿ ತೆರೆದು ಕೂತಿದ್ದಾರೆ.

ದೀಪಾವಳಿಯ ಊಟಕ್ಕೆ ಶಾಲೆಯೊಂದರ ಸಭಾಂಗಣದಲ್ಲಿ ಎಲ್ಲರೂ ಸೇರಿದ್ದೆವು. ಈರಣ್ಣ ಹೊಸ ಜುಬ್ಬಾ ಹಾಕಿಕೊಂಡು ಎಂದಿನಂತೆ ಸಾರು ಬಡಿಸುತ್ತಿದ್ದರು. ನನ್ನ ಎಲೆಯ ಹತ್ತಿರ ಬಂದಾಗ, "ಹೇಗಿದೆ ಈರಣ್ಣ, ಕೆಲಸ ಎಲ್ಲ?" ಎಂದೆ. "ನಡದೈತ್ರಿ ಸರ," ಎಂದು ಒಂದು ಸೌಟು ಹೆಚ್ಚಿಗೇ ಹಾಕಿ ಮುಂದೆ ಹೋದರು. ಆ 'ನಡದೈತ್ರಿ'ಯೊಳಗಿನ ಟೊಳ್ಳು ನನಗೆ ಚೆನ್ನಾಗಿಯೇ ಕೇಳಿಸಿತು. ಹೊಟ್ಟೆಪಾಡಿಗೆ ಅದನ್ನೇ ಕೇಳುವವನು ನಾನು. ಆದರೆ ಮನುಷ್ಯರ ವಿಷಯದಲ್ಲಿ ಟೊಳ್ಳು ಕೇಳಿಸಿದರೆ ಮತ್ತೊಮ್ಮೆ ತಟ್ಟುವುದಿಲ್ಲ, ಮರ್ಯಾದೆಯೆಂದು ಸುಮ್ಮನಾಗುತ್ತೇವೆ. ನಾನು ಸಾರು ಚೆನ್ನಾಗಿದೆ ಎಂದೆ.

ಮನೆಗೆ ಬರುವಾಗ ಕಾರಿನಲ್ಲಿ ಸುಧಾಗೆ ಎಲ್ಲ ಹೇಳಿದೆ.

"ಕೇಳಿಬಿಡಿ ಅವರನ್ನ," ಎಂದಳು.

"ಹೇಗೆ ಗೊತ್ತಾಯ್ತು ಅಂದರೆ ಏನು ಹೇಳಲಿ? ನಿಮ್ಮ ಕಂಪ್ಯೂಟರಿನಲ್ಲಿ ಇಣುಕಿ ನೋಡ್ತಿದೀನಿ ಅನ್ನಲಾ?"

"ಇಣುಕಿ ನೋಡ್ತಿದೀರಲ್ಲ. ನೋಡಿ ಸುಮ್ಮನಿರೋದು ಒಳ್ಳೇದು, ನೋಡಿ ಕೇಳೋದು ಕೆಟ್ಟದ್ದಾ?"

ನಾನು ಸಿಗ್ನಲ್ ನೋಡುತ್ತಾ ಕೂತೆ. ನನ್ನ ಸಮಜಾಯಿಷಿ ನನಗಿತ್ತು. ಈರಣ್ಣ ಬೇರೆಯವರ ಎಲೆಗೆ ಬಡಿಸುವ ಮನುಷ್ಯ. ತನ್ನ ಎಲೆ ಖಾಲಿಯಿದೆ ಎಂದು ತೋರಿಸಿಕೊಳ್ಳುವವರಲ್ಲ. ಅವರಾಗಿ ಹೇಳುವ ತನಕ ಕಾಯುವುದೇ ಸ್ನೇಹ. ಎಚ್ಚರಿಕೆಗಳನ್ನು ನನಗೆ ಕಳಿಸಬೇಡ ಎಂದು ಹೇಳುವ ಗುಂಡಿಯನ್ನು ಅರ್ಧ ಗಂಟೆ ಹುಡುಕಿದೆ. ಸಿಕ್ಕಿತು. ಒತ್ತಲಿಲ್ಲ. ಒತ್ತಿದರೆ ಅವರನ್ನು ಒಬ್ಬರನ್ನೇ ಬಿಟ್ಟ ಹಾಗಾಗುತ್ತದೆ ಎನಿಸಿತು. ಹೀಗೆ ಫೋನು ಮಾಡದೆ, ಗುಂಡಿಯನ್ನೂ ಒತ್ತದೆ, ಬಂದ ಮೇಲ್‌ಗಳನ್ನೆಲ್ಲ ಓದುತ್ತಾ ನವೆಂಬರ್ ಕಳೆಯುತ್ತಾ ಬಂತು. ಪ್ರತಿ ಸಲವೂ 'ತಡೆಯಲಾಗಿದೆ' ಎಂದಿರುತ್ತಿತ್ತು. ಸದ್ಯ, ತಡೆಯಿತಲ್ಲ ಎಂದುಕೊಳ್ಳುತ್ತಿದ್ದೆ. ನನ್ನ ಬದಲು ಸಾಫ್ಟ್‌ವೇರು ಸ್ನೇಹ ಮಾಡುತ್ತಿತ್ತು.

ನವೆಂಬರಿನ ಕೊನೆಯ ಬುಧವಾರ ನಾನೊಂದು ಪಾರ್ಕಿಂಗ್ ಕಟ್ಟಡದ ನೆಲಮಾಳಿಗೆಯಲ್ಲಿ ಮಂಡಿಯೂರಿ ಕೂತಿದ್ದೆ. ಜೇಬಿನಲ್ಲಿ ಫೋನು ಗುರ್ರೆಂದಿತು. ಈರಣ್ಣ ಲ್ಯಾಪ್‌ಟಾಪ್. ಈ ಸಲ ಬರೆದದ್ದು ಬೇರೆ: ಅಪಾಯಕಾರಿ ಪುಟ, ಬಳಕೆದಾರರು ಅನುಮತಿಸಿದ್ದಾರೆ.

ಎರಡು ಸಲ ಓದಿದೆ. ಕಾವಲುಗಾರ ಬೇಡ ಬೇಡ ಎಂದು ಕೈ ಅಡ್ಡ ಹಿಡಿದಿದ್ದಾನೆ, ಮನೆಯ ಯಜಮಾನನೇ ಅವನನ್ನು ಸರಿಸಿ ಬಾಗಿಲು ತೆರೆದಿದ್ದಾನೆ. ಮೂರು ತಿಂಗಳಿಂದ ಕೆಲಸ ಸಿಗದವನು, ಮೋಸವಿರಬಹುದು ಎಂದು ಗೊತ್ತಿದ್ದೂ, ಇರಲಿ ನೋಡೋಣ ಎಂದಿದ್ದಾನೆ. ಇಂಥ ಪುಟಗಳು ಮೊದಲು ಹೆಸರು ಕೇಳುತ್ತವೆ, ಆಮೇಲೆ ವಿಳಾಸ, ಆಮೇಲೆ ಈ ದೇಶದಲ್ಲಿ ಕೆಲಸಕ್ಕೂ ತೆರಿಗೆಗೂ ಬೇಕಾಗುವ ಆ ಒಂಬತ್ತಂಕಿಯ ಸಿನ್ ನಂಬರು. ಅದನ್ನು ಕೊಟ್ಟರೆ ಮನುಷ್ಯನನ್ನೇ ಕೊಟ್ಟ ಹಾಗೆ. ಅವನ ಹೆಸರಿನಲ್ಲಿ ಇನ್ನೊಬ್ಬ ಬದುಕತೊಡಗುತ್ತಾನೆ. ಸುತ್ತಿಗೆಯನ್ನು ಚೀಲಕ್ಕೆ ಹಾಕಿ, ಜೊತೆಯಲ್ಲಿದ್ದವರಿಗೆ ಮನೆಯ ತುರ್ತು ಎಂದು ಹೇಳಿ, ಕಾರು ಹತ್ತಿದೆ. ಫೋನು ಮಾಡಬಹುದಿತ್ತು. ಮಾಡಿದರೆ 'ಏನಿಲ್ಲರಿ ಸರ' ಎನ್ನುತ್ತಾರೆ, ನಾನು ಹೌದಾ ಎನ್ನುತ್ತೇನೆ. ಅಷ್ಟು ನನ್ನ ಬಗ್ಗೆ ನನಗೆ ಗೊತ್ತಿತ್ತು.

ಬಾಗಿಲು ತೆರೆದವರು ಈರಣ್ಣನೇ. ಮನೆಯಲ್ಲಿ ಹಾಕುವ ಸ್ವೆಟರು, ಎರಡು ದಿನದ ಗಡ್ಡ. ನನ್ನ ಕೆಲಸದ ಹೆಲ್ಮೆಟ್ಟು, ಕಬ್ಬಿಣದ ಮೂತಿಯ ಬೂಟು ನೋಡಿದರು.

"ಬರ್ರಿ ಸರ, ಒಳಗ ಬರ್ರಿ."

ಬೂಟಿನ ದಾರ ಬಿಚ್ಚಲು ಬಗ್ಗಿದಾಗ ನನ್ನ ಮಂಡಿ ಕಟಕ್ಕೆಂದಿತು. ಗೋಡೆ ಹಿಡಿದು ಎದ್ದೆ. ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡು ಬಂದಿದ್ದ ಮಾತನ್ನು ಹೇಳಿದೆ: "ಈ ಕಡೆ ಬಂದಿದ್ದೆ ಈರಣ್ಣ. ಆ್ಯಂಟಿವೈರಸ್ ರಿನ್ಯೂ ಮಾಡಬೇಕಲ್ಲ, ಅದಕ್ಕೆ ನಿಮ್ಮ ಲ್ಯಾಪ್‌ಟಾಪ್ ಒಂದು ಸಲ ನೋಡಿಬಿಡೋಣ ಅಂತ."

"ಅದು ಮಾರ್ಚಿನ್ಯಾಗ ಅಲ್ಲೇನ್ರಿ ಸರ?"

ನಾನು ಸುಳ್ಳು ಹೇಳುವುದರಲ್ಲೂ ಪಂಡಿತನಲ್ಲ. ಈರಣ್ಣ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದೇ ಇತ್ತು. ಪರದೆಯ ಮೇಲೊಂದು ಫಾರಂ. ಹೆಸರು, ವಿಳಾಸ, ಹಳೆಯ ಕೆಲಸ ಎಲ್ಲ ತುಂಬಿತ್ತು. ಸಿನ್ ನಂಬರಿನ ಜಾಗ ಖಾಲಿಯಿತ್ತು. ಒಳಗೆ ಹಾಲು ಉಕ್ಕುವ ಸದ್ದು ಕೇಳುವ ತನಕ ನಾನು ಆ ಖಾಲಿ ಜಾಗವನ್ನೇ ನೋಡುತ್ತಾ ನಿಂತಿದ್ದೆ.

"ಅಲ್ಲೇ ಕೈ ನಿಂತಾವ್ರಿ," ಎಂದರು ಈರಣ್ಣ, ಚಹಾ ತಂದಿಟ್ಟು. "ಆಗಸ್ಟಿನ್ಯಾಗ ತಗದ್ರು ಸರ. ನಮ್ಮ ಇಡೀ ಶಿಫ್ಟ್ ತಗದ್ರು. ಮಾದೇವಿಗಷ್ಟ ಗೊತ್ತು. ಮಕ್ಕಳಿಗೂ ಹೇಳಿಲ್ಲ. ಮುಂಜಾನೆ ಡಬ್ಬಿ ಕಟಗೊಂಡು ಎಲ್ಲಾರ ಜೋಡಿ ಹೊರಗ ಬೀಳತೀನಿ, ಒಂದು ಸುತ್ತು ಹಾಕಿ ತಿರುಗಿ ಬರತೀನಿ."

"ನನಗೆ ಗೊತ್ತಿತ್ತು ಈರಣ್ಣ," ಎಂದೆ. ಹೇಳುವಾಗ ತಲೆ ತಗ್ಗಿತು.

"ಗೊತ್ತೈತ್ರಿ, ನಿಮಗ ಗೊತ್ತೈತಿ ಅಂತ. ಕೆಂಪು ಪರದೆ ಬಂದಾಗೆಲ್ಲಾ ಕೆಳಗ ಸಣ್ಣ ಅಕ್ಷರದಾಗ ಬರದಿರತದ, ಖಾತೆಯವರಿಗೆ ತಿಳಿಸೇವಿ ಅಂತ. ಮೊದಲನೇ ಸರ್ತಿ ನಾಚಿಕಿ ಆತು. ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಎರಡನೇ ಸರ್ತಿ, ಇವತ್ತ ಸರ ಫೋನ್ ಮಾಡತಾರ ಅಂತ ದಾರಿ ನೋಡಿದೆ. ದೀಪಾವಳ್ಯಾಗ ಕೇಳತೀರಿ ಅನಕೊಂಡೆ."

"ಕೇಳಿದೆನಲ್ಲ."

"ಕೇಳಿದ್ರಿ. ನಡದೈತಿ ಅಂದೆ. ನೀವು ಬಿಟ್ರಿ."

ಅವರು ದೂರುವ ದನಿಯಲ್ಲಿ ಹೇಳಲಿಲ್ಲ. ಮಳೆ ಬಂತು, ನಿಂತಿತು ಎನ್ನುವ ಹಾಗೆ ಹೇಳಿದರು. ಅದು ನನಗೆ ಹೆಚ್ಚು ತಾಗಿತು.

"ನಿಮಗೆ ಬೇಜಾರಾಗಬಹುದು ಅಂತ ಸುಮ್ಮನಾದೆ," ಎಂದೆ.

"ಹೌದ್ರಿ. ನಾನೂ ಹಂಗ. ಸರ್‌ಗ ಬ್ಯಾಸರ ಮಾಡೂದು ಬ್ಯಾಡ ಅಂತ." ಈರಣ್ಣ ಬಸಿಗೆ ಚಹಾ ಹೊಯ್ದುಕೊಂಡರು. "ಇವತ್ತ ಆ ಪರದೆ ಬಂತು. ಬ್ಯಾಡ, ಹೋಗಬ್ಯಾಡ ಅಂತ. ಹೋಗತೀನಿ ಅಂತ ಒತ್ತಿದೆ. ಕೆಲಸದ ಆಸೇಕ ಒತ್ತಿದ್ನೋ, ಇದಕ್ಕಾದ್ರೂ ಸರ ಬರತಾರೇನು ನೋಡೂಣು ಅಂತ ಒತ್ತಿದ್ನೋ, ನನಗ ಬರೋಬರಿ ಗೊತ್ತಿಲ್ಲರಿ."

ನಾನು ಚಹಾ ಲೋಟ ಹಿಡಿದು ಕೂತೆ. ಬಹಳ ನಾಚಿಕೆಯಾಯಿತು. ಮೂರು ತಿಂಗಳು ನಾನು ಅವರ ಮಾನ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ, ನನ್ನ ದಾರಿ ಕಾಯುತ್ತಿದ್ದವರು ಅವರು. ಅಪಾಯ ಕಂಡು ಬೊಗಳದ ನಾಯಿಯನ್ನು ಯಾವ ಮನೆಯಲ್ಲೂ ಸಾಕುವುದಿಲ್ಲ. ಜಯವಿಜಯರಾದರೂ ಮೇಲು, ತಪ್ಪೋ ಒಪ್ಪೋ ಬಾಯಿ ಬಿಟ್ಟು ಒಂದು ಮಾತು ಕೇಳಿದರು.

ಆಮೇಲೆ ಮಾಡಬೇಕಾದದ್ದನ್ನು ಮಾಡಿದೆವು. ಆ ಪುಟವನ್ನು ಮುಚ್ಚಿದೆವು, ಪಾಸ್‌ವರ್ಡುಗಳನ್ನು ಬದಲಿಸಿದೆವು, ಬ್ಯಾಂಕಿಗೆ ಫೋನು ಮಾಡಿ ಒಂದು ಕಣ್ಣಿಟ್ಟಿರಿ ಎಂದು ಹೇಳಿದೆವು. ಪಂಡಿತನಿಗೆ ಬರದ ಕಡೆ ಆದಿತ್ಯನಿಗೆ ಫೋನು ಮಾಡಿ ಕೇಳಿದೆ. ಅವನು ಕ್ಲಾಸಿನಿಂದ ಹೊರಗೆ ಬಂದು, ಒಂದೊಂದಾಗಿ, ಬೇಸರವಿಲ್ಲದೆ ಹೇಳಿಕೊಟ್ಟ. ಮಧ್ಯಾಹ್ನ ಈರಣ್ಣನ ಡಬ್ಬಿಯಲ್ಲಿದ್ದ ರೊಟ್ಟಿಯನ್ನೇ ಇಬ್ಬರೂ ಹಂಚಿಕೊಂಡು ತಿಂದೆವು. ಸಂಜೆ ಮಹಾದೇವಿ ಬಂದು, ಬಾಗಿಲಲ್ಲಿ ನನ್ನ ಬೂಟು ನೋಡಿ, ಒಳಗೆ ನಮ್ಮಿಬ್ಬರನ್ನು ನೋಡಿ, "ಬಂದ್ರಿ?" ಎಂದಷ್ಟೇ ಕೇಳಿದರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡದ ಹಾಗೆ ಮಾಡಲಿಲ್ಲ. ನೋಡದ ಹಾಗೆ ಮಾಡಿದ್ದು ಸಾಕಾಗಿತ್ತು.

ಈರಣ್ಣನ ಒಪ್ಪಿಗೆ ಕೇಳಿಕೊಂಡು ನಾಲ್ಕಾರು ಜನಕ್ಕೆ ವಿಷಯ ಹೇಳಿದೆ. ಯಾರೂ ಕುಹಕವಾಡಲಿಲ್ಲ. ಇಬ್ಬರು, ತಮಗೂ ಹಿಂದೆ ಹೀಗೇ ಆಗಿತ್ತು, ಆಗ ಯಾರಿಗೂ ಹೇಳಿರಲಿಲ್ಲ ಎಂದರು. ಬಳಗದಲ್ಲಿ ಎಲ್ಲರ ಮೇಲೂ ಒಂದೊಂದು ಹಸಿರು ಸರಿ ಗುರುತು ಇತ್ತು, ಅಷ್ಟೆ. ಫೆಬ್ರವರಿಯಲ್ಲಿ, ವಸಂತಕ್ಕನ ಪಕ್ಕದ ಮನೆಯವರ ಮೂಲಕ, ಈರಣ್ಣನಿಗೆ ಟ್ರಕ್ಕುಗಳ ಒಂದು ಕಂಪನಿಯಲ್ಲಿ ಯಾವ ಗಾಡಿ ಎಲ್ಲಿಗೆ ಎಂದು ಹೇಳಿ ಕಳಿಸುವ ಡಿಸ್‌ಪ್ಯಾಚ್ ಕೆಲಸ ಸಿಕ್ಕಿತು. ಹಳೆಯ ಕೆಲಸದಷ್ಟು ದೊಡ್ಡದಲ್ಲ, ಆದರೆ ಡಬ್ಬಿ ಹೋದ ಕಡೆಯೇ ಊಟವಾಗುತ್ತದೆ ಎಂದು ಈರಣ್ಣ ನಗುತ್ತಾರೆ.

ಮಾರ್ಚ್ ಬಂತು. ಮತ್ತೆ ಆರಿಸುವ ಕಾಲ. ವಿಮರ್ಶೆಗಳನ್ನು ಓದಲಿಲ್ಲ. ಆದಿತ್ಯ ಮತ್ತೆ ಅದೇ ಬಿಲ್ಟ್ ಇನ್ ಪಾಠ ಹೇಳಿದ. ಈ ಸಲ ಕೂತು ಪೂರ್ತಿ ಕೇಳಿದೆ. ಅವನು ಹೇಳುವುದು ಸರಿಯೇ ಇದೆ. ನಮ್ಮಂಥ ಮನೆಗೆ ಹಿತ್ತಲ ಗಿಡವೇ ಸಾಕು. ಕೇಳಿದ ಮೇಲೆ, ಅಂಗಡಿಗೆ ಹೋಗಿ ಅದೇ ಹತ್ತರ ಪೊಟ್ಟಣ ತಂದೆ. ಅವನು ತಲೆ ಚಚ್ಚಿಕೊಂಡ. ಇದರಲ್ಲಿ ವೈರಸ್ಸು ತಡೆಯುವುದಲ್ಲದೆ ಇನ್ನೊಂದು ಉಪಯೋಗವಿದೆ ಎಂದು ಅವನಿಗೆ ಹೇಳಿದರೆ ಅರ್ಥವಾಗುವ ವಯಸ್ಸಲ್ಲ. ಒಂದು ಬದಲಾವಣೆ ಮಾತ್ರ ಮಾಡಿದೆ. ಎಚ್ಚರಿಕೆಗಳನ್ನು ಯಾರಿಗೆ ಕಳಿಸಲಿ ಎಂದು ಕೇಳಿದಾಗ ಮೂರೂ ಮನೆಯವರನ್ನು ಕೇಳಿ, ಎಲ್ಲರೂ ಹೂಂ ಎಂದಮೇಲೆ, ನನ್ನ ವಿಳಾಸದ ಪಕ್ಕದಲ್ಲಿ ಈರಣ್ಣನದನ್ನೂ ಬರೆದೆ. ಇಣುಕುವುದೇ ಆದರೆ ಎರಡೂ ಕಡೆಯಿಂದ ಇಣುಕಬೇಕು. ವಸಂತಕ್ಕ, "ನನ್ನ ವರ್ಷಫಲ ಇಬ್ಬರೂ ಓದಿ ಹೇಳಿ, ನನಗೆ ಕನ್ನಡಕ ಹುಡುಕೋ ಕೆಲಸ ತಪ್ಪತ್ತೆ," ಎಂದರು.

ಹೋದ ವಾರ ಒಂದು ಮಧ್ಯಾಹ್ನ ಕಚೇರಿಗೆ ರಜೆ ಹಾಕಿ ಮನೆಯಲ್ಲಿದ್ದೆ. ಸುಧಾ ಹೊರಗೆ ಹೋಗಿದ್ದಳು. ಎಡಮಂಡಿಗೆ ಕೆಲವು ತಿಂಗಳಿಂದ ಮೆಟ್ಟಿಲೇ ಬೇಡವಾಗಿತ್ತು. ಹೇಳಿದರೆ ಡಾಕ್ಟರು, ಡಾಕ್ಟರ ಹತ್ತಿರ ಹೋದರೆ ಈ ಕೆಲಸ ಬಿಡಿ ಎಂಬ ಮಾತು. ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕುತ್ತಾ ಹೋದೆ. ಒಂದು ಎಣ್ಣೆ ಹಚ್ಚಿದರೆ ಏಳು ದಿನದಲ್ಲಿ ಮಂಡಿ ಹೊಸದಾಗುತ್ತದೆ ಎಂದು ಬರೆದಿತ್ತು. ಒತ್ತಿದೆ. ಪರದೆ ಕೆಂಪಾಯಿತು: ಅಪಾಯಕಾರಿ ಪುಟ. ಛೆ ಎಂದು ಮುಚ್ಚಿ ಎದ್ದೆ.

ಕಾಫಿಗೆ ಹಾಲು ಕಾಯುವಷ್ಟರಲ್ಲಿ ಫೋನು ಬಂತು.

"ಸರ, ಈರಣ್ಣ ಮಾತಾಡೂದು. ಮೊಣಕಾಲು ಭಾಳ ನೋಯಾಕ ಹತ್ತೇತೇನ್ರಿ?"

"ಏನಿಲ್ಲ ಈರಣ್ಣ, ಎಲ್ಲ ಚೆನ್ನಾಗಿದೆ," ಎಂದೆ ಅಭ್ಯಾಸಬಲದಿಂದ.

ಅವರು ಫೋನನ್ನು ಇಡಲಿಲ್ಲ. ಹಿಂದೆ ಟ್ರಕ್ಕೊಂದು ರಿವರ್ಸ್ ಬರುವ ಸದ್ದು ಕೇಳುತ್ತಿತ್ತು. ಈರಣ್ಣ ಇನ್ನೊಮ್ಮೆ ಕೇಳಿದರು.

"ಹೌದು ಈರಣ್ಣ," ಎಂದೆ. "ನೋಯ್ತಾ ಇದೆ."